ಎರಡು ಡಿಫಾಲ್ಟ್ ಗೇಟ್‌ವೇ ಇದ್ದ ಸರ್ವರ್

ನಮ್ಮ ಲಿನಕ್ಸ್ ಸರ್ವರ್‌ಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿದ ಮೇಲೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಹೊಸ ವಿಳಾಸ 10.20.0.15. ಅದೇ ಸಬ್‌ನೆಟ್‌ನಲ್ಲಿರುವ (ನೆಟ್‌ವರ್ಕ್‌ನ ಅದೇ ಭಾಗದಲ್ಲಿರುವ) ಮಷೀನ್‌ಗಳಿಂದ ಎಲ್ಲ ಸಲೀಸು. ಬೇರೆ ನೆಟ್‌ವರ್ಕ್‌ನಿಂದ ಎಸ್ಎಸ್ಎಚ್ (ದೂರದಿಂದ ಲಾಗಿನ್) ಮಾಡಿದರೆ ಮಾತ್ರ ಸುಮ್ನೆ ಕಾಯುತ್ತಿತ್ತು, ಕೊನೆಗೆ ಟೈಮ್‌ಔಟ್. ಹಳೆಯ ವಿಳಾಸಕ್ಕೆ ಹೋದರೆ ಏನೂ ತೊಂದರೆ ಇಲ್ಲ.

'ಫೈರ್‌ವಾಲ್ ತಡೀತಿದೆ' ಎಂದರು ಸಹೋದ್ಯೋಗಿ. ಇರಬಹುದು. ಆದರೆ ಅದಕ್ಕೆ ಕೈ ಹಾಕುವ ಮುಂಚೆ ಸರ್ವರ್ ಏನು ಮಾಡುತ್ತಿದೆ ಅಂತ ನೋಡಲೇಬೇಕು ಅನ್ನಿಸಿತು.

ದಾರಿಗಳ ಪಟ್ಟಿ ತೋರಿಸುವ 'ಐಪಿ ರೂಟ್' ಕಮಾಂಡ್ ಕೊಟ್ಟಾಗ ಡಿಫಾಲ್ಟ್ ಸಾಲು (ಬೇರೆ ದಾರಿ ಗೊತ್ತಿಲ್ಲದ ಪ್ಯಾಕೆಟ್ ಯಾವ ಗೇಟ್‌ವೇಗೆ ಹೋಗಬೇಕು ಅನ್ನುವ ಸಾಲು) ಎರಡು ಕಂಡವು. ಒಂದು ಈಥ್0 (ಹಳೆಯ ಕಾರ್ಡ್) ಮೂಲಕ 192.168.10.1ಕ್ಕೆ, ಮೆಟ್ರಿಕ್ (ದಾರಿಯ ಆದ್ಯತೆಯ ಸಂಖ್ಯೆ) 100. ಇನ್ನೊಂದು ಈಥ್1 (ಹೊಸ ಕಾರ್ಡ್) ಮೂಲಕ 10.20.0.1ಕ್ಕೆ, ಮೆಟ್ರಿಕ್ 101. ಪ್ರತಿ ಕಾರ್ಡ್ ತನ್ನ ಗೇಟ್‌ವೇ ತಾನು ಬಳಸುತ್ತೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ಯಾಕೆಟ್ ಯಾವ ಕಾರ್ಡ್‌ನಿಂದ ಒಳಗೆ ಬಂತು ಅನ್ನೋದನ್ನ ಕರ್ನಲ್ (ಲಿನಕ್ಸ್‌ನ ತಿರುಳು) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉತ್ತರ ಎಲ್ಲಿಗೆ ಹೋಗಬೇಕು ಅಂತ ಮಾತ್ರ ನೋಡುತ್ತದೆ, ಮೆಟ್ರಿಕ್ ಕಡಿಮೆ ಇರುವ ದಾರಿ ಹಿಡಿಯುತ್ತದೆ.

ಅನುಮಾನ ಪಕ್ಕಾ ಮಾಡಿಕೊಳ್ಳಲು ಎರಡು ಟರ್ಮಿನಲ್ ಅಕ್ಕಪಕ್ಕ ಇಟ್ಟು, ಎರಡೂ ಕಾರ್ಡ್ ಮೇಲೆ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿದೆ. ಎಡಗಡೆ ಈಥ್1ರಲ್ಲಿ ಸಿನ್ (ಸಂಪರ್ಕ ಕೋರುವ ಮೊದಲ) ಪ್ಯಾಕೆಟ್ ಬಂತು. 1 ಸೆಕೆಂಡ್ ಬಿಟ್ಟು ಅದೇ ಮತ್ತೆ, ಆಮೇಲೆ 2 ಸೆಕೆಂಡ್, ಆಮೇಲೆ 4. ಬಲಗಡೆ ಈಥ್0ರಲ್ಲಿ ಪ್ರತಿಯೊಂದಕ್ಕೂ ಸಿನ್-ಆಕ್ (ಸಿನ್‌ಗೆ ಕೊಡುವ ಉತ್ತರ) ಹೊರಡುತ್ತಿತ್ತು, ಕಳಿಸಿದವರ ವಿಳಾಸ 10.20.0.15! ಸರ್ವರ್ ಉತ್ತರ ಕೊಡುತ್ತಲೇ ಇತ್ತು, ತಪ್ಪು ದಾರಿಯಲ್ಲಿ. ಆ ದಾರಿಯಲ್ಲಿದ್ದ ಫೈರ್‌ವಾಲ್ ಸಿನ್ ನೋಡಿಯೇ ಇಲ್ಲ, ಹಾಗಾಗಿ ಸಿನ್-ಆಕ್ ಬಿಸಾಕಿತು. ಅದು ಮಾಡಿದ್ದು ಸರಿ. ಅಲ್ಲಿ ರೂಲ್ ಸಡಿಲ ಮಾಡಿದ್ದರೆ ರೋಗ ಹಾಗೇ ಉಳಿದು ಭದ್ರತೆ ಮಾತ್ರ ಹೋಗುತ್ತಿತ್ತು.

ಬಂದ ಪ್ಯಾಕೆಟ್‌ನ ವಿಳಾಸಕ್ಕೆ ವಾಪಸ್ ದಾರಿ ಇದೆಯೇ ಅಂತ ಕರ್ನಲ್ ತಪಾಸಣೆ ಮಾಡುವ ಸೆಟ್ಟಿಂಗ್ ಆರ್‌ಪಿ-ಫಿಲ್ಟರ್. ಇಲ್ಲಿ ಅದರ ಬೆಲೆ 2 ಇತ್ತು, ಅಂದರೆ ಸಡಿಲ. 1 (ಕಟ್ಟುನಿಟ್ಟು, ವಾಪಸ್ ದಾರಿ ಬಂದ ಕಾರ್ಡ್‌ನಲ್ಲೇ ಇರಬೇಕು) ಇದ್ದಿದ್ದರೆ ಕರ್ನಲ್ ಸಿನ್ ಅನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಆಗಲೂ ಟಿಸಿಪಿಡಂಪ್‌ನಲ್ಲಿ ಪ್ಯಾಕೆಟ್ ಕಾಣುತ್ತದೆ, ಏಕೆಂದರೆ ಅದು ಹಿಡಿಯುವುದು ಆ ತಪಾಸಣೆಗೆ ಮುಂಚೆ. ಬಂದಿದೆ, ಉತ್ತರ ಎಲ್ಲೂ ಇಲ್ಲ ಅಂತಾದರೆ ಮೊದಲು ಆರ್‌ಪಿ-ಫಿಲ್ಟರ್ ನೋಡಿ.

ಪರಿಹಾರ ಪಾಲಿಸಿ ರೂಟಿಂಗ್, ಇಲ್ಲಿ ಕಳಿಸಿದವರ ವಿಳಾಸ ನೋಡಿ ದಾರಿ ಆರಿಸುವುದು. ಟೇಬಲ್ 100 ಅಂತ ಬೇರೆ ದಾರಿಪಟ್ಟಿ ಮಾಡಿ, ಅದರಲ್ಲಿ 10.20.0.1 ಅನ್ನು ಡಿಫಾಲ್ಟ್ ಮಾಡಿದೆ. '10.20.0.15ರಿಂದ ಹೊರಡುವುದೆಲ್ಲ ಈ ಟೇಬಲ್ ನೋಡಲಿ' ಅಂತ 'ಐಪಿ ರೂಲ್' ಹಾಕಿದೆ. ಮುಖ್ಯ ಟೇಬಲ್‌ನಿಂದ ಎರಡನೇ ಡಿಫಾಲ್ಟ್ ತೆಗೆದೆ. ಜೊತೆಗೆ 10.20.0.0/24 ಸಬ್‌ನೆಟ್ ಸಾಲನ್ನೂ ಟೇಬಲ್ 100ಕ್ಕೆ ಸೇರಿಸಬೇಕು. ಇದು ಸುಲಭವಾಗಿ ಬಿಟ್ಟುಹೋಗುತ್ತದೆ. ಬಿಟ್ಟರೆ ಪಕ್ಕದ ಮಷೀನ್‌ಗೆ ಹೋಗುವ ಉತ್ತರವೂ ಗೇಟ್‌ವೇ ಸುತ್ತಿಕೊಂಡು ಹೋಗುತ್ತದೆ, ಅಲ್ವಾ?

'ಐಪಿ ರೂಟ್ ಗೆಟ್' ಕೊಡುವಾಗ ದೂರದ ವಿಳಾಸದ ಜೊತೆ 'ಫ್ರಮ್ 10.20.0.15' ಸೇರಿಸಿ ಕೇಳಿದೆ. ಈ ಸಲ ಕರ್ನಲ್ ಈಥ್1 ತೋರಿಸಿತು. ನನಗೆ ಇದು ಪಿಂಗ್‌ಗಿಂತ ಜಾಸ್ತಿ ಇಷ್ಟ, ಊಹೆ ಬಿಟ್ಟು ಕರ್ನಲ್‌ನ ತೀರ್ಮಾನವನ್ನೇ ಕೇಳಬಹುದು. ಎಸ್ಎಸ್ಎಚ್ ತಕ್ಷಣ ತೆರೆಯಿತು.

ಕೈಯಲ್ಲಿ ಹಾಕಿದ ರೂಲ್ ರೀಬೂಟ್ ಆದರೆ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ನೆಟ್‌ಪ್ಲಾನ್ (ನೆಟ್‌ವರ್ಕ್ ಸೆಟ್ಟಿಂಗ್) ಫೈಲ್‌ಗೆ ಬರೆದು, ಸರ್ವರ್ ರೀಬೂಟ್ ಮಾಡಿ, ದೂರದ ನೆಟ್‌ವರ್ಕ್‌ನಿಂದ ಮತ್ತೊಮ್ಮೆ ಲಾಗಿನ್ ಆಗಿ ನೋಡಿದ ಮೇಲೆಯೇ ಟಿಕೆಟ್ ಮುಚ್ಚಿದೆ.