ಬಾಡಿಗೆಯ ಸೆಸ್ನಾದಲ್ಲಿ ಆಲ್ಬುಕರ್ಕಿಗೆ ಹೊರಡುವ ಮುನ್ನ

ಮುಂದಿನ ವಾರ ನಾವು ಮೂವರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಿಂದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಹಾರಿ ಹೋಗಿಬರಲಿದ್ದೇವೆ. ವಿಮಾನ ನನ್ನದಲ್ಲ, ಫ್ಲೈಯಿಂಗ್ ಕ್ಲಬ್ಬಿನಿಂದ ಬಾಡಿಗೆಗೆ ಪಡೆದ ಸೆಸ್ನಾ 172ಎಸ್ ಎಂಬ ನಾಲ್ಕು ಆಸನಗಳ, ಒಂಟಿ ಎಂಜಿನ್ನಿನ ಪುಟ್ಟ ವಿಮಾನ. ದಾರಿ ಗೊತ್ತುಮಾಡುವುದು ಕಷ್ಟವಾಗಲಿಲ್ಲ. ಪೂರ್ವಕ್ಕೆ ಅಡ್ಡನಿಂತಿರುವ ಸಿಯೆರಾ ನೆವಾಡಾ ಪರ್ವತಸಾಲಿನ ಮೌಂಟ್ ವಿಟ್ನಿ 14,505 ಅಡಿ ಎತ್ತರವಿದ್ದರೆ, ಈ ವಿಮಾನದ ಏರುಮಿತಿಯೇ 14,000 ಅಡಿ. ಆದ್ದರಿಂದ ಸೆಂಟ್ರಲ್ ವ್ಯಾಲಿ ಬಯಲಿನ ಗುಂಟ ಬೇಕರ್ಸ್‌ಫೀಲ್ಡ್ ತಲುಪಿ, ಟೆಹಾಚಪಿ ಘಾಟಿ ದಾಟಿ, ಎಡ್ವರ್ಡ್ಸ್ ವಾಯುನೆಲೆಯ ನಿರ್ಬಂಧಿತ ಪ್ರದೇಶವನ್ನು ಸುತ್ತುಹಾಕಿ, ಅರಿಜೋನಾದ ಕಿಂಗ್‌ಮನ್ ಮತ್ತು ವಿನ್ಸ್ಲೋಗಳಲ್ಲಿ ಇಂಧನ ತುಂಬಿಸಿಕೊಂಡು ಮುಂದೆ ಸಾಗುತ್ತೇವೆ. ಒಂದು ಕಡೆಗೆ ಸುಮಾರು ಏಳೂವರೆ ಗಂಟೆಯ ಹಾರಾಟ.

ಹೆಚ್ಚು ಸಮಯ ಹಿಡಿದದ್ದು ಈ ಒಂದು ವಿಮಾನವನ್ನು ಅರಿಯುವ ಕೆಲಸ. ಕೈಪಿಡಿಯ ಮಾದರಿ ಅಂಕಿಗಳನ್ನು ಬದಿಗಿಟ್ಟು, ಇದೇ ವಿಮಾನದ ತೂಕಪತ್ರವನ್ನು ತರಿಸಿಕೊಂಡೆ. ಗರಿಷ್ಠ ತೂಕ 2,550 ಪೌಂಡ್, ಖಾಲಿ ತೂಕ 1,690. ಬಳಸಬಹುದಾದ 53 ಗ್ಯಾಲನ್ ಇಂಧನಕ್ಕೆ 318 ಪೌಂಡ್ ಕಳೆದು, ತಕ್ಕಡಿಯ ಮೇಲೆ ನಿಂತೇ ಅಳೆದ ನಮ್ಮ ಮೂವರ 455 ಪೌಂಡನ್ನೂ ಕಳೆದರೆ ಸಾಮಾನಿಗೆ ಉಳಿಯುವುದು 87 ಪೌಂಡ್ ಮಾತ್ರ. ಮರುಭೂಮಿಯ ಮೇಲೆ ಹಾರುವವರು ಕುಡಿಯುವ ನೀರಿನಲ್ಲಿ ಜಿಪುಣತನ ಮಾಡಬಾರದು. ಹಾಗಾಗಿ ಬಟ್ಟೆಗಳನ್ನೇ ಕಡಿಮೆ ಮಾಡಿದೆವು.

ಹೋಗಿಬರಲು ಹದಿನೈದು ಗಂಟೆ ಬೇಕು. ಆದರೆ ನಾನು ವಿಚಾರಿಸಿದ ದಿನ, ನೂರು ಗಂಟೆಗೊಮ್ಮೆ ನಡೆಯುವ ತಪಾಸಣೆಗೆ ಉಳಿದಿದ್ದದ್ದು ಇಪ್ಪತ್ತೆರಡೇ ಗಂಟೆ, ಅದರಲ್ಲೂ ಅಷ್ಟಿಷ್ಟನ್ನು ಇತರ ಸದಸ್ಯರು ಅಷ್ಟರಲ್ಲಿ ಬಳಸುವವರಿದ್ದರು. ನನ್ನ ಕೋರಿಕೆಯ ಮೇರೆಗೆ ತಪಾಸಣೆಯನ್ನು ಮುಂಚೆಯೇ ಮುಗಿಸಿದರು. ಬಿಚ್ಚಿ ಜೋಡಿಸಿದ ವಿಮಾನವನ್ನು ನೇರವಾಗಿ ದೂರಪ್ರಯಾಣಕ್ಕೆ ಒಯ್ಯುವುದು ಸರಿಯಲ್ಲವೆಂದು ಮೊನ್ನೆ ಎರಡು ಗಂಟೆ ಒಬ್ಬನೇ ಹತ್ತಿರದಲ್ಲೇ ಹಾರಿ, ಮೊದಲೂ ಕೊನೆಗೂ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿ ಲೆಕ್ಕ ಹಾಕಿದೆ. ಗಂಟೆಗೆ 9.4 ಗ್ಯಾಲನ್, ನಾನು ಎಣಿಸಿದ್ದಕ್ಕಿಂತ ಸುಮಾರು ಒಂದು ಗ್ಯಾಲನ್ ಹೆಚ್ಚು. ಹಗಲಿನ ದೃಷ್ಟಿ ಹಾರಾಟಕ್ಕೆ, ಅಂದರೆ ಹೊರಗೆ ಕಣ್ಣಿಟ್ಟು ದಾರಿ ನೋಡಿಕೊಂಡು ಹಾರುವುದಕ್ಕೆ, ಅಮೆರಿಕದ ನಿಯಮ ಕೇಳುವ ಮೀಸಲು ಇಂಧನ ಅರ್ಧ ಗಂಟೆಯದು. ನಾನು ಒಂದು ಗಂಟೆಯದನ್ನು ಇಟ್ಟುಕೊಳ್ಳುತ್ತೇನೆ.

ಸಮುದ್ರಮಟ್ಟದಲ್ಲಿ ಹಾರಿ ರೂಢಿಯಾದವರಿಗೆ ಆಲ್ಬುಕರ್ಕಿಯ 5,355 ಅಡಿ ಬೇರೆಯದೇ ಪಾಠ. ಅಲ್ಲಿ 33 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಗಾಳಿ ಸುಮಾರು 8,800 ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ಅಂಥ ಗಾಳಿಯಲ್ಲಿ ವಿಮಾನ ಮೇಲೇರಲು ಒದ್ದಾಡುತ್ತದೆ. ಹಾಗಾಗಿ ಮರಳುವ ದಿನ ತಂಪಿರುವಾಗಲೇ, ಸೂರ್ಯೋದಯಕ್ಕೇ ಹೊರಡಬೇಕು.

ಇಷ್ಟಾದರೂ ನನ್ನ ನಿದ್ದೆ ಕೆಡಿಸಿದ್ದು ವಿಮಾನ ಮರಳಿಸಬೇಕಾದ ದಿನಾಂಕ. ಹಿಂದೊಮ್ಮೆ, ಮರುದಿನ ಬೇರೊಬ್ಬರ ಸರದಿ ಇದೆ ಎಂಬ ಒಂದೇ ಕಾರಣಕ್ಕೆ, ನಿಲ್ಲಬೇಕಾಗಿದ್ದ ಬಿರುಗಾಳಿಯಲ್ಲಿ ನಾನು ಘಾಟಿ ದಾಟಿದ್ದೆ. ಆ ಹತ್ತು ನಿಮಿಷಗಳ ಕುಲುಕಾಟ, ಹಿಂದಿನ ಸೀಟಿನ ಮೌನ, ಇವನ್ನು ನಾನು ಮರೆತಿಲ್ಲ. ಈ ಸಲ ನಾಲ್ಕು ದಿನಗಳ ಪ್ರವಾಸಕ್ಕೆ ಆರು ದಿನಗಳನ್ನು ಕಾಯ್ದಿರಿಸಿ, ಹೆಚ್ಚಿನ ಆ ಎರಡು ದಿನಗಳಿಗೆ, ಹಾರದಿದ್ದರೂ ಕೊಡಬೇಕಾದ ಕನಿಷ್ಠ ಬಾಡಿಗೆಗೂ ಹಣ ಎತ್ತಿಟ್ಟಿದ್ದೇನೆ. ಹವಾಮಾನ ಅದಕ್ಕೂ ಬಿಡದಿದ್ದರೆ ವಿಮಾನವನ್ನು ಅಲ್ಲೇ ಕಟ್ಟಿಹಾಕಿ ಬರಬಹುದೇ, ಅದನ್ನು ಮರಳಿ ತರುವ ಖರ್ಚು ಯಾರದು ಎಂದು ಕ್ಲಬ್ಬನ್ನು ಕೇಳಿ ಬರಹದಲ್ಲೇ ಉತ್ತರ ಪಡೆದೆ: ಬಿಟ್ಟು ಬರಬಹುದು, ಖರ್ಚು ನನ್ನದು. ಆ ಕಾಗದವನ್ನು ಮೆಕ್ಯಾನಿಕ್‌ನ ದೂರವಾಣಿ ಸಂಖ್ಯೆಯೊಂದಿಗೆ ನಕ್ಷೆಗಳ ಚೀಲದಲ್ಲಿ ಇಟ್ಟಿದ್ದೇನೆ.