ಕಪ್ಪೆ ನಾಲ್ಕನೇ ಆವೃತ್ತಿ: ಪಾಚಿಗೂ ಸಿಗಲಿಲ್ಲ, ಮೀನಿಗೂ ಸಿಗಲಿಲ್ಲ

ಇದು ಕೊರಮೀನಿಗಾಗಿ ಕಟ್ಟುತ್ತಿರುವ ಫ್ಲೈ, ಅಂದರೆ ಗಾಳದ ಮೇಲೆ ಫೋಮ್, ಗರಿ, ದಾರ ಕಟ್ಟಿ ಮಾಡಿದ ನಕಲಿ ಕಪ್ಪೆ. ಮೂರನೇ ಆವೃತ್ತಿಯ ಫೋಮ್ ಕಪ್ಪೆಗೆ ಒಂದು ವಿಷಯದಲ್ಲಿ ನೂರಕ್ಕೆ ನೂರು ಅಂಕ. ಅಂತರಗಂಗೆಯ ಮೇಲೆ ಎಸೆದರೆ ಎಲೆಯಿಂದ ಎಲೆಗೆ ಜಾರುತ್ತದೆ, ಜೊಂಡಿನ ಸಂದಿಯಲ್ಲಿ ನುಸುಳುತ್ತದೆ, ತಾವರೆ ದಂಟಿಗೆ ತಾಗಿದರೆ ಪಕ್ಕಕ್ಕೆ ಹೊರಳಿ ಮುಂದೆ ಹೋಗುತ್ತದೆ. ಗಾಳಕ್ಕೆ ಒಂದೆಳೆ ಪಾಚಿ ಕೂಡ ಅಂಟುವುದಿಲ್ಲ. ಅಷ್ಟೇ ಶಿಸ್ತಾಗಿ ಮೀನೂ ಅಂಟುವುದಿಲ್ಲ. ಕೊರಮೀನು ಕೆಳಗಿನಿಂದ ಬಂದು ‘ಗುಳುಂ’ ಅಂತ ಬಾಯಿಗೆ ಹಾಕಿಕೊಳ್ಳುತ್ತದೆ, ಎಲೆಗಳೆಲ್ಲ ಅಲ್ಲಾಡುತ್ತವೆ, ಲೈನ್ ಎಳೆದರೆ ಕಪ್ಪೆ ಬರಿಗೈಯಲ್ಲಿ ವಾಪಸ್. ಒಂದೆರಡು ಸಲ ಹೀಗಾದರೆ ಮೀನಿನ ಅದೃಷ್ಟ ಅನ್ನಬಹುದು. ಪ್ರತಿ ಸಲವೂ ಆದರೆ ತಪ್ಪು ಕಟ್ಟಿದವರದು.

ಹಾಗಾಗಿ ಈ ಸಲದ ಲಾಗ್ ಪೂರ್ತಿ ಇದಕ್ಕೇ ಮೀಸಲು. ದಾರದ ಅಡಿಪಾಯ, ಬಾಲದ ಗರಿ, ಕಾಲು, ಕಣ್ಣು ಎಲ್ಲ ಹಿಂದಿನ ಹಾಗೇ. ಗಾಳ 2/0 ಸ್ಟಿಂಗರ್, ಶ್ಯಾಂಕಿನಲ್ಲಿ (ಗಾಳದ ಉದ್ದನೆಯ ದಂಟಿನಲ್ಲಿ) ಗೂನು ಇರುವ ಪಾಪ್ಪರ್ ಮಾದರಿ. ಬಾಡಿ 12 ಮಿ.ಮೀ. ಅಡ್ಡಳತೆಯ, 20 ಮಿ.ಮೀ. ಉದ್ದದ ಫೋಮ್ ಸಿಲಿಂಡರ್. ರಾಡ್ 9 ಅಡಿ, 8 ವೇಟ್ (ಎಸೆಯುವ ಲೈನಿನ ತೂಕದ ದರ್ಜೆ).

ಮೊದಲ ಅನುಮಾನ ಬಿದ್ದದ್ದು ವೀಡ್ ಗಾರ್ಡ್ ಮೇಲೆ, ಅಂದರೆ ಪಾಚಿ ಸಿಕ್ಕಿಕೊಳ್ಳದಂತೆ ಗಾಳದ ಮೊನೆಗೆ ಅಡ್ಡ ಕಟ್ಟುವ ದಾರದ ಮೇಲೆ. ಕಾರಣವೂ ಇತ್ತು. ಎರಡನೇ ಆವೃತ್ತಿಗೆ 0.50 ಮಿ.ಮೀ. ನೈಲಾನ್ ದಾರದ ಲೂಪ್ ಹಾಕಲಾಗಿತ್ತು. ಮೇಜಿನ ಮೇಲೆ ಬೆರಳಲ್ಲಿ ಒತ್ತಿ ನೋಡಿದಾಗ ಗಟ್ಟಿಮುಟ್ಟು, ಕೆರೆಗಿಳಿದ ಅರ್ಧ ಗಂಟೆಗೆ ನೆನೆದ ಶ್ಯಾವಿಗೆ. ನೈಲಾನ್ ನೀರು ಕುಡಿಯುತ್ತದೆ, ಕುಡಿದಷ್ಟೂ ಮೆತ್ತಗಾಗುತ್ತದೆ. ಒಣ ದಾರದ ಪರೀಕ್ಷೆಗೆ ಅರ್ಥವಿಲ್ಲ. ಗಾರ್ಡ್ ಕಟ್ಟಿದ ಫ್ಲೈಯನ್ನು ರಾತ್ರಿಯಿಡೀ ಲೋಟದ ನೀರಲ್ಲಿ ಮುಳುಗಿಸಿಟ್ಟು ಬೆಳಗ್ಗೆ ಒತ್ತಿ ನೋಡಬೇಕು. ಫ್ಲೋರೋಕಾರ್ಬನ್ ದಾರ ಹೆಚ್ಚುಕಡಿಮೆ ನೀರು ಹೀರುವುದಿಲ್ಲ, ಹಾಗಾಗಿ ಮೇಜಿನಲ್ಲಿ ಹೇಗೋ ಕೆರೆಯಲ್ಲೂ ಹಾಗೆ. ಬೆಲೆ ಮಾತ್ರ ಕೇಳಬೇಡಿ.

ಅದಕ್ಕೆ ಮೂರನೇ ಆವೃತ್ತಿಯಲ್ಲಿ ದಾರ 0.60ಕ್ಕೆ ಏರಿತು. ಹೆಚ್ಚಿದ್ದು ಬರೀ 0.10 ಅಂತ ಅನಿಸುತ್ತದೆ, ಆದರೆ ದುಂಡು ದಾರದ ಬಿಗಿತ ಅಡ್ಡಳತೆಯ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ: 0.50ರಿಂದ 0.60ಕ್ಕೆ ಹೋದರೆ ದುಪ್ಪಟ್ಟಿಗೂ ಚೂರು ಜಾಸ್ತಿ. ಉದ್ದದ ಲೆಕ್ಕ ಉಲ್ಟಾ, ಮೂರನೇ ಘಾತ. 25 ಮಿ.ಮೀ. ದಾರದ ತುಂಡನ್ನು 30 ಮಾಡಿದರೆ ಬಿಗಿತದಲ್ಲಿ ಶೇ 42ರಷ್ಟು ಹೋಗುತ್ತದೆ. ಇಲ್ಲೇ ಅಂಗಡಿಯವರ ಮೇಲೆ ಸಿಟ್ಟು ಬರುವುದು. ಎರಡು ಸ್ಪೂಲ್, ಎರಡರ ಮೇಲೂ 40 ಪೌಂಡ್ ಅಂತ ಅಚ್ಚು. ವರ್ನಿಯರ್ ಹಿಡಿದರೆ ಒಂದು 0.55, ಇನ್ನೊಂದು 0.62. ಎಳೆದರೆ ಎರಡೂ ಅಷ್ಟೇ ಭಾರಕ್ಕೆ ತುಂಡಾಗಬಹುದು, ಆದರೆ ಬಿಗಿತದಲ್ಲಿ ಶೇ 60ರಷ್ಟು ವ್ಯತ್ಯಾಸ. ಅಡ್ಡಳತೆ ಬರೆಯದ ಸ್ಪೂಲ್ ಅನ್ನು ಗಾರ್ಡಿಗೆ ಕೊಳ್ಳುವುದೇ ಬೇಡ. ಬರೆದಿದ್ದರೂ ಅಳೆಯದೆ ನಂಬುವುದು ಬೇಡ.

ಗಾರ್ಡಿನ ಕೆಲಸ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನೋ ಜಾತಿಯದು. ಪಾಚಿಗೆ ಬಗ್ಗಬಾರದು, ದವಡೆಗೆ ಬಗ್ಗಲೇಬೇಕು. 0.60 ಬಗ್ಗುತ್ತಿಲ್ಲ, ಅದಕ್ಕೇ ಮೀನು ಸಿಗುತ್ತಿಲ್ಲ ಅನ್ನುವುದು ಎಲ್ಲರೂ ಹೇಳುವ ಮಾತು, ಕೇಳಲು ಸರಿ ಅನಿಸುವ ಮಾತು. ಅದರ ಹಿಂದೆ ಬಿದ್ದು ದಾರ ಬದಲಿಸಿದ್ದಾಯಿತು, ಲೂಪ್ ಅಗಲ ಮಾಡಿದ್ದಾಯಿತು, ಲೂಪ್ ತೆಗೆದು ಗಾಳದ ಕಣ್ಣಿನ (ಲೈನ್ ಕಟ್ಟುವ ತೂತಿನ) ಹಿಂದಿನಿಂದ ಇಳಿಯುವ, ಅದೇ ದಾರದ ಎರಡು ಕಡ್ಡಿ ಕಟ್ಟಿದ್ದೂ ಆಯಿತು. ಕಡ್ಡಿ ಕಟ್ಟುವುದಿದ್ದರೆ ಒಂದು ಮಾತು: ಕಟ್ಟುವ ದಾರದೊಳಗೆ ಹೋಗುವ ತುದಿಯನ್ನು ಲೈಟರಿನಲ್ಲಿ ಕರಗಿಸಿ ಸಾಸಿವೆಯಷ್ಟು ಗುಂಡು ಮಾಡಿಕೊಳ್ಳಿ, ಇಲ್ಲದಿದ್ದರೆ ಹತ್ತನೇ ಎಸೆತಕ್ಕೆ ಕಿತ್ತು ಬರುತ್ತದೆ. ಜೊಂಡಿಗೆ ಕಡ್ಡಿ ಸಾಕು. ಅಂತರಗಂಗೆಗೆ ಸಾಲದು, ಅದರ ಬೇರಿನ ಕುಚ್ಚು ಎರಡು ಕಡ್ಡಿಗಳ ನಡುವೆ ನೇರ ನುಗ್ಗುತ್ತದೆ. ಅಲ್ಲಿ ಲೂಪೇ ಗತಿ.

ಸತ್ಯ ಹೊರಬಂದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದ. ನೆನೆಸಿಟ್ಟ ಫ್ಲೈಯನ್ನು ತಲೆಕೆಳಗಾಗದಂತೆ ಪ್ಲೈಯರ್‌ನಲ್ಲಿ ಹಿಡಿದು, ಗಾರ್ಡನ್ನು ತಟ್ಟೆಯ ಮೇಲೆ ಮೆಲ್ಲಗೆ ಒತ್ತಿ, ಗಾಳದ ಮೊನೆ ತಟ್ಟೆಗೆ ತಾಗಿದ ಕ್ಷಣದ ಅಂಕಿ ನೋಡಿ. 0.60ರ ಲೂಪ್ ಕೂಡ ಕೆಲವು ಹತ್ತು ಗ್ರಾಮಿಗೆ ಮಡಚಿಕೊಂಡಿತು. ಒಂದು ಹಿಡಿ ಹಸಿಮೆಣಸಿನಕಾಯಿಯ ತೂಕ, ಅಷ್ಟೇ. ಮೀನಿನ ಬಾಯಿಯಲ್ಲಿ ಲೈನ್ ಎಳೆಯುವಾಗ ಬೀಳುವ ಜೋರಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ಇಷ್ಟು ದಿನ ಬೈಗುಳ ತಿಂದ ಗಾರ್ಡ್ ನಿರಪರಾಧಿ.

ಕೋತಿ ಯಾವುದು ಅಂತ ಹೇಳಿದ್ದು ಬಟ್ಟೆ ಸೋಪು. ಒಂದು ಬಾರನ್ನು ಉದ್ದಕ್ಕೆ ಎರಡು ಹೋಳು ಮಾಡಿ, ನಡುವೆ ಕಪ್ಪೆಯನ್ನಿಟ್ಟು, ಹೊರಗಿನಿಂದ ಅಗಲದ ರಬ್ಬರ್ ಬ್ಯಾಂಡ್ ಬಿಗಿಯಿರಿ. ಇದೇ ದವಡೆ. ಲೀಡರ್ (ಲೈನಿನ ತುದಿಗೂ ಫ್ಲೈಗೂ ನಡುವಿನ ತೆಳು ದಾರ) ಹಿಡಿದು ನೇರ ಎಳೆಯಿರಿ, ಆಮೇಲೆ ಕೆಳ ಹೋಳನ್ನು ತಿರುಗಿಸಿ ನೋಡಿ. ಮೂರನೇ ಆವೃತ್ತಿ ಬಿಟ್ಟದ್ದು ಉಗುರಿನಲ್ಲಿ ಗೀಚಿದಂಥ ಒಂದು ಗೀರು, ಅದೂ ಅರ್ಧ ದೂರಕ್ಕೆ. ಮೊನೆ ಕಚ್ಚಲೇ ಇಲ್ಲ, ಫೋಮ್ ಬೆಣೆಯ ಹಾಗೆ ಎರಡು ಹೋಳನ್ನು ದೂರ ಹಿಡಿದಿತ್ತು. ಹಳೆಯ ಕಪ್ಪೆಗಳ ಹೊಟ್ಟೆ ತಿರುಗಿಸಿ ನೋಡಿದರೆ ಹಲ್ಲಿನ ಗುರುತುಗಳೆಲ್ಲ ಅಲ್ಲೇ, ಗಾಳದ ಗ್ಯಾಪಿನೊಳಗಿನ (ಮೊನೆಗೂ ಶ್ಯಾಂಕಿಗೂ ನಡುವಿನ ಜಾಗದ) ಫೋಮಿನ ಮೇಲೆ. ಮೊದಲೇ ನೋಡಬಹುದಿತ್ತು!

ಲೆಕ್ಕ ಸುಲಭ. ಈ ಪ್ಯಾಕೆಟ್ಟಿನ ಗಾಳದ ಗ್ಯಾಪ್ 15 ಮಿ.ಮೀ. ಸಿಲಿಂಡರಿನ ನಟ್ಟನಡುವೆ ತೂತು ಮಾಡಿ ಶ್ಯಾಂಕ್ ತೂರಿಸಿದರೆ ಕೆಳಗೆ 6 ಮಿ.ಮೀ. ಫೋಮ್ ತೂಗುತ್ತದೆ, ಉಳಿಯುವ ಬಾಯಿ 9. ಸ್ಪಿನ್ನಿಂಗ್ ರಾಡಿನವರು ಎಸೆಯುವ ಟೊಳ್ಳು ರಬ್ಬರ್ ಕಪ್ಪೆಗೆ ಈ ತಾಪತ್ರಯವಿಲ್ಲ, ಮೀನು ಕಚ್ಚಿದರೆ ಅದು ಚಪ್ಪಟೆಯಾಗಿ ಗಾಳ ಹೊರಬರುತ್ತದೆ. ಫೋಮ್ ಹಾಗೆ ಮಣಿಯುವುದಿಲ್ಲ. ಅಲ್ಲಿಯ ಅಳತೆಯನ್ನು ಇಲ್ಲಿಗೆ ತಂದದ್ದೇ ಮೂಲ ತಪ್ಪು.

ಬಾಡಿಯನ್ನೇ ಸಣ್ಣದು ಮಾಡಬಹುದಲ್ಲ ಅಂದರೆ, ಮಾಡಬಹುದು, ಮುಳುಗುತ್ತದೆ. 12 ಮಿ.ಮೀ. ಸಿಲಿಂಡರಿನ ಗಾತ್ರ ಸುಮಾರು 2.26 ಘನ ಸೆಂ.ಮೀ., 9ಕ್ಕೆ ಇಳಿಸಿದರೆ 1.27. ಅಷ್ಟರಲ್ಲಿ ಗಾಳ, ಗಾರ್ಡ್, ಎಪಾಕ್ಸಿ, ಲೀಡರ್ ಎಲ್ಲವನ್ನೂ ತೇಲಿಸಬೇಕು. ಬಾಡಿಯ ಗಾತ್ರ ಮುಟ್ಟದೆ ಜಾಗ ಮಾತ್ರ ಬದಲಿಸುವುದೇ ದಾರಿ: ಶ್ಯಾಂಕ್ ಹೊಟ್ಟೆಯ ಅಂಚಿಗೆ ಬರಬೇಕು, ಕೆಳಗೆ 2 ಮಿ.ಮೀ.ಗಿಂತ ಹೆಚ್ಚು ಫೋಮ್ ಇರಬಾರದು. ಆಗ 13 ಮಿ.ಮೀ. ಬಾಯಿ ಸಿಗುತ್ತದೆ. ಬೋನಸ್ ಅಂದರೆ ತೇಲುವ ಭಾಗ ಮೇಲೆ, ಭಾರ ಕೆಳಗೆ ಆಗುವುದರಿಂದ ಕಪ್ಪೆ ಹೇಗೆ ಬಿದ್ದರೂ ತಾನೇ ನೆಟ್ಟಗಾಗುತ್ತದೆ.

ಅಂಚಿಗೆ ತಂದ ಮೇಲೆ ಹೊಸ ರಗಳೆ. 2 ಮಿ.ಮೀ. ಫೋಮ್ ಹಿಡಿತಕ್ಕೆ ಸಾಲದೆ ಬಾಡಿ ಶ್ಯಾಂಕಿನ ಸುತ್ತ ಗಿರಗಿಟ್ಲೆ ಆಡಿತು. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಒಣಗಿದರೆ ಗಾಜು, ಫೋಮ್ ಬಾಗಿದಾಗ ಅದು ಬಾಗದೆ ಬಿರುಕು ಬಿಡುತ್ತದೆ. ಕೊನೆಗೆ ನಿಂತ ವಿಧಾನ, ಅಂದರೆ ನಾಲ್ಕನೇ ಆವೃತ್ತಿ, ಇದು. ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಹೊಟ್ಟೆಯ ಉದ್ದಕ್ಕೂ 3 ಮಿ.ಮೀ. ಆಳದ ಸೀಳು. ಶ್ಯಾಂಕಿನ ಮೇಲೆ ದಪ್ಪ ದಾರವನ್ನು ಒತ್ತಾಗಿ ಅಲ್ಲ, ಏಣಿಯ ಹಾಗೆ ಬಿಡಿಬಿಡಿಯಾಗಿ ಸುತ್ತಿ ಒರಟು ಮಾಡಬೇಕು. ಗೂನು ಕಡ್ಡಾಯವಾಗಿ ಫೋಮಿನೊಳಗೆ ಮೇಲ್ಮುಖವಾಗಿ ಹುಗಿಯಬೇಕು, ಬಾಡಿ ತಿರುಗದಂತೆ ತಡೆಯುವುದು ನಿಜವಾಗಿ ಅದೇ. ಐದು ನಿಮಿಷದ ಎಪಾಕ್ಸಿಯನ್ನು ಬೆಂಕಿಕಡ್ಡಿಯಲ್ಲಿ ಸೀಳಿನ ತಳಕ್ಕೆ ಇಳಿಸಿ, ಶ್ಯಾಂಕ್ ಕೂರಿಸಿ, ಬಟ್ಟೆ ಕ್ಲಿಪ್ಪಿನಲ್ಲಿ ಒತ್ತಿಡಿ. ಹೆಸರು ಐದು ನಿಮಿಷವಾದರೂ ಒಂದು ರಾತ್ರಿ ಬಿಡಿ. ಹೊಟ್ಟೆಯಿಂದ ಹೊರಚೆಲ್ಲಿದ ಎಪಾಕ್ಸಿ ಕೆರೆದು ತೆಗೆಯಿರಿ, ಅದೂ ಗ್ಯಾಪ್ ತಿನ್ನುತ್ತದೆ.

ಸೋಪಿನ ಪರೀಕ್ಷೆ ಮತ್ತೆ. ಈ ಸಲ ಗೀರಲ್ಲ, ಈ ತುದಿಯಿಂದ ಆ ತುದಿಗೆ ಸೀಳು.

ಫೋಮ್ ವಿಷಯ ಬಂದಾಗ ಹೇಳಿಬಿಡುವುದು ಒಳ್ಳೆಯದು. ಸ್ಟೇಷನರಿ ಅಂಗಡಿಯ ಕ್ರಾಫ್ಟ್ ಫೋಮ್ ಹಾಳೆ ಪದರ ಪದರವಾಗಿ ಅಂಟಿಸಲು ಸರಿ, ಆದರೆ 3 ಮಿ.ಮೀ. ಅಂತ ಕೊಟ್ಟದ್ದು ಅಳೆದರೆ ಎರಡೂವರೆ. ಹವಾಯಿ ಚಪ್ಪಲಿ ಅಟ್ಟೆ ಸಿಲಿಂಡರಿಗೆ ಒಗ್ಗುತ್ತದೆ. ಭಾರದ್ದೂ ಇರುತ್ತದೆ, ಹಗುರದ್ದೂ ಇರುತ್ತದೆ, ಅಂಗಡಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ತೂಗಿ ತೂಗಿ ನೋಡಿದರೆ ಅಂಗಡಿಯವರು ನಿಮ್ಮನ್ನು ತೂಗಿ ನೋಡುತ್ತಾರೆ. ಕತ್ತರಿಸಲು ಹಳೇ ರೇಡಿಯೋದ ಏರಿಯಲ್ ಕೊಳವೆಯ ತುಂಡು, ಅಂಚನ್ನು ಒಳಗಿನಿಂದ ಚೂಪು ಮಾಡಿ ಡ್ರಿಲ್ಲಿಗೆ ಸಿಕ್ಕಿಸಿದರೆ ಸಾಕು. ಜಿಂಕೆ ಕೂದಲಿನ ತಲೆ ಕಟ್ಟುವ ಆಸೆ ಇರುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೆನಪಿಡಿ, ನಮ್ಮ ಕಾಡಿನ ಜಿಂಕೆ ಕಡವೆಗಳ ಯಾವ ಭಾಗವನ್ನೂ ಇಟ್ಟುಕೊಳ್ಳುವಂತಿಲ್ಲ. ವಿಲಾಯಿತಿಯ ಹಳೆಯ ಸಾಲ್ಮನ್ ಫ್ಲೈಗಳ ಕೆನ್ನೆಯಲ್ಲಿ ಹೊಳೆಯುವ ಚುಕ್ಕೆಗರಿ ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯದೇ. ಅದಕ್ಕೂ ಇದೇ ಮಾತು, ಪ್ಲಾಸ್ಟಿಕ್ ನಕಲು ಸಿಗುತ್ತದೆ.

ಇನ್ನು ಅರ್ಧ ತಪ್ಪು ಕೈಯದು. ಮೀನು ಹೊಡೆದ ಕೂಡಲೇ ರಾಡ್ ಮೇಲೆತ್ತುವ, ಟ್ರೌಟ್ ಮೀನು ಹಿಡಿಯುವವರ ಚಾಳಿ ಇಲ್ಲಿ ಬೇಡ. ಫ್ಲೈ ರಾಡಿನ ತುದಿ ಬಾಗುವುದಕ್ಕೇ ಇರುವುದು, ಎತ್ತಿದರೆ ನಿಮ್ಮ ಜೋರೆಲ್ಲ ಆ ಬಾಗಿಗೇ ಹೋಗುತ್ತದೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಮರಕ್ಕೆ ಕಟ್ಟಿ, 15 ಮೀಟರ್ ಲೈನ್ ಬಿಟ್ಟು ರಾಡ್ ಎತ್ತಿ ನೋಡಿ, ಒಂದು ಕಿಲೋ ದಾಟುವುದೇ ಕಷ್ಟ. ಅದೇ ರಾಡ್ ತುದಿಯನ್ನು ತಕ್ಕಡಿಯತ್ತ ನೇರ ಚಾಚಿ ಎಡಗೈಯಲ್ಲಿ ಲೈನ್ ಜಗ್ಗಿದರೆ ತಕ್ಕಡಿಯ ಮುಳ್ಳು ಸಲೀಸಾಗಿ ಮೇಲೆ ಹೋಗುತ್ತದೆ. ಕೊರಮೀನಿನ ದವಡೆ ಎಲುಬು, ಮೆತ್ತನೆ ಜಾಗ ಕಡಿಮೆ. ಆ ಜೋರು ಬೇಕೇ ಬೇಕು. ಸದ್ದಿಗೆ ಬೆಚ್ಚಬೇಡಿ, ಲೈನಿನಲ್ಲಿ ಭಾರ ಸಿಗುವವರೆಗೆ ಸ್ಟ್ರಿಪ್ (ಕೈಯಲ್ಲಿ ಲೈನ್ ಎಳೆದುಕೊಳ್ಳುವುದು) ನಡೆಯುತ್ತಿರಲಿ, ಭಾರ ಸಿಕ್ಕಾಗ ಒಂದೇ ಉದ್ದನೆಯ ಜಗ್ಗು. ಗಾಳದ ಬಾರ್ಬ್ ಅನ್ನು (ಮೊನೆಯ ಹಿಮ್ಮುಳ್ಳನ್ನು) ಪ್ಲೈಯರ್‌ನಲ್ಲಿ ಒತ್ತಿ ಮಲಗಿಸಿದರೆ ಮೊನೆ ಇನ್ನೂ ಸುಲಭವಾಗಿ ಇಳಿಯುತ್ತದೆ, ಬಿಡಿಸುವುದೂ ಸುಲಭ. ಮೊನೆ ಹೆಬ್ಬೆರಳಿನ ಉಗುರಿನ ಮೇಲೆ ಜಾರಿದರೆ ಅರ ಹಾಕಬೇಕು, ಕಚ್ಚಿ ನಿಂತರೆ ಸರಿ.

ಲೈನ್ ಎಲೆಗಳ ಮೇಲೆ ಹಾವಿನ ಹಾಗೆ ಬಿದ್ದಿದ್ದರೆ ಜಗ್ಗುವುದು ಎಲೆಯನ್ನೇ, ಮೀನನ್ನಲ್ಲ. ಬಯಲು ನೀರಿನ ಓಣಿಯ ಉದ್ದಕ್ಕೆ ಎಸೆಯುವ ಜಾಗದಲ್ಲಿ ನಿಲ್ಲಿ. ತಣ್ಣೀರಿಗೆ ಮಾಡಿದ ಟ್ರೌಟ್ ಲೈನನ್ನು ‘ಎಲ್ಲದಕ್ಕೂ ಆಗುತ್ತೆ ಸಾರ್’ ಅಂತ ಮಾರುತ್ತಾರೆ, ಏಪ್ರಿಲ್ ಬಿಸಿಲಿಗೆ ಅದು ಅಂಟಂಟಾಗಿ ಗೈಡುಗಳಲ್ಲಿ (ರಾಡಿನ ಉಂಗುರಗಳಲ್ಲಿ) ಜಾರುವುದಿಲ್ಲ. ಉಷ್ಣವಲಯದ ಕೋರ್ (ಒಳಗಿನ ಎಳೆ) ಇರುವುದೇ ಬೇಕು. 8 ವೇಟ್ ಲೈನಿನ ಮೊದಲ 30 ಅಡಿ 210 ಗ್ರೇನ್, ಸುಮಾರು 13.6 ಗ್ರಾಂ. ಗಾಳಿಗೆ ಎದೆಯೊಡ್ಡುವ ಈ ಕಪ್ಪೆಗೆ 240 ಗ್ರೇನಿನ 9 ವೇಟ್ ಲೈನನ್ನು ಅದೇ ರಾಡಿನಲ್ಲಿ ಹಾಕಿದರೆ ತೋಳು ಉಳಿಯುತ್ತದೆ. ಲೀಡರ್ ಗಿಡ್ಡ: 0.60 ಒಂದು ಮೀಟರ್, 0.50 ಅರ್ಧ ಮೀಟರ್, 0.40 ಅರ್ಧ ಮೀಟರ್. ಎಲ್ಲವೂ ನೈಲಾನ್, ಗಾರ್ಡಿಗೆ ಒಳ್ಳೆಯದಾದ ಫ್ಲೋರೋಕಾರ್ಬನ್ ಇಲ್ಲಿ ಮುಳುಗಿ ಕಪ್ಪೆಯ ಮೂತಿಯನ್ನು ಕೆಳಗೆಳೆಯುತ್ತದೆ. ಕಪ್ಪೆಗೆ ಬಿಗಿ ಗಂಟು ಬೇಡ, ಲೂಪ್ ಗಂಟು ಹಾಕಿ.

ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಮೇಲಕ್ಕೆ ಬಂದು ನೀರು ಕುದಿದಂತೆ ಕಂಡರೆ ಅಲ್ಲಿಗೆ ಎಸೆಯಬೇಡಿ. ಕೆಳಗೆ ಕಾವಲಿರುವ ತಂದೆತಾಯಿ ಹೊಡೆಯುವುದು ಹಸಿವಿಗಲ್ಲ, ಅವನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು.

ಉಳಿದ ಫೋಮ್ ತುಂಡುಗಳು ಮುಂದಿನ ಯೋಜನೆಗೆ: ಅತ್ತಿಹಣ್ಣು. ದಡದ ಅತ್ತಿಮರದ ಕೆಳಗೆ ಹಣ್ಣು ‘ಪುಳಕ್’ ಅಂತ ಬಿದ್ದ ಕಡೆಗೆ ಗೆಂಡೆ ಜಾತಿಯ ಮೀನುಗಳು ತಿರುಗುತ್ತವೆ, ಹುಲ್ಲುಗೆಂಡೆಗೂ ಹಣ್ಣಿನ ಚಪಲ ಇದೆ. ಕಾವೇರಿಯಲ್ಲಿ ಬಿಳಿಮೀನಿಗೆ (ಮಹಶೀರ್) ರಾಗಿ ಮುದ್ದೆ ಕಟ್ಟುತ್ತಿದ್ದ ಕಾಲವಿತ್ತು, ಅದರ ಫ್ಲೈ ಕಟ್ಟುವ ಧೈರ್ಯ ಇನ್ನೂ ಬಂದಿಲ್ಲ. ಅಭಯಾರಣ್ಯದೊಳಗೆ ಗಾಳ ಹಾಕುವಂತೆಯೂ ಇಲ್ಲ. ಅತ್ತಿಹಣ್ಣಿಗೆ 14 ಮಿ.ಮೀ. ಗುಂಡು, ಮಂಕು ಕೆಂಪು, 4ನೇ ನಂಬರ್ ಗಿಡ್ಡ ಗಾಳ. ಬಿದ್ದಾಗ ಸದ್ದಾಗಬೇಕು, ಆಮೇಲೆ ಅವಸರವಿಲ್ಲದೆ ಮುಳುಗಬೇಕು. ಫೋಮ್ ಮುಳುಗಲ್ಲ ಅನ್ನುತ್ತಿದೆ, ಸೀಸದ ತಂತಿ ಸುತ್ತಿದರೆ ಕಲ್ಲಿನ ಹಾಗೆ ಹೋಗುತ್ತಿದೆ. ಲೋಟದ ನೀರಿನಲ್ಲಿ ಒಂದೊಂದೇ ಸುತ್ತು ಬಿಚ್ಚಿ ನೋಡುವುದು ನಡೆದಿದೆ.

ಕಪ್ಪೆಗೆ ಬಾಕಿ ಇರುವುದು ಮೂತಿ. ಈಗಿರುವ ಚಪ್ಪಟೆ ಮುಖ ಸದ್ದು ಚೆನ್ನಾಗಿ ಮಾಡುತ್ತದೆ, ಆದರೆ ಸಣ್ಣ ಎಲೆಯ ಪಾಚಿಯನ್ನು ಬುಲ್ಡೋಜರ್ ಹಾಗೆ ಮುಂದೆ ತಳ್ಳುತ್ತಾ ಬರುತ್ತದೆ. ಐದನೇ ಆವೃತ್ತಿಗೆ ಮೇಲಿನಿಂದ ಕೆಳಕ್ಕೆ 45 ಡಿಗ್ರಿ ಓರೆ ಕೊಯ್ದ ಎರಡು ತಲೆಗಳು ಕ್ಲಿಪ್ಪಿನಲ್ಲಿ ಒಣಗುತ್ತಿವೆ. ಒಂದಕ್ಕೆ ಓರೆ ಉಲ್ಟಾ ಬಿದ್ದಿದೆ, ಎಪಾಕ್ಸಿ ಗಟ್ಟಿಯಾದ ಮೇಲೆ ಗೊತ್ತಾಯಿತು.