ಖಾಲಿ ಡಬ್ಬಿ

ಬೆಳಗಾವಿ ಮಳೆ ಗೊತ್ತಲ್ಲ, ಹಿಡಿದರೆ ಬಿಡುವ ಮಾತೇ ಇಲ್ಲ. ನಿನ್ನೆ ಮಗಳನ್ನು ಶಾಲೆಯಿಂದ ಕರೆತರಲು ಹೊರಟರೆ ಅರ್ಧ ದಾರಿಯಲ್ಲೇ ಸ್ಕೂಟಿ ಬಂದ್ ಬಿತ್ತು. ಮುಟ್ಟಿದ್ದು ಮುಕ್ಕಾಲು ಗಂಟೆ ತಡವಾಗಿ.

ಅಳುತ್ತಾ ನಿಂತಿರುತ್ತಾಳೆ ಅಂದುಕೊಂಡಿದ್ದೆ. ಎಲ್ಲಿ! ವಾಚ್‌ಮನ್ ಕಾಕಾನ ಸ್ಟೂಲಿನ ಮೇಲೆ ಕೂತು ಸಾಬುದಾಣಿ ಖಿಚಡಿ ತಿನ್ನುತ್ತಿದ್ದಳು. ತಲೆ ಮೇಲೆ ಶಾಲೆಯ ಸಿಸ್ಟರ್ ಕೊಟ್ಟ ಟವೆಲ್. ಡಬ್ಬಿ ಅವಳ ಗೆಳತಿಯ ತಾಯಿಯದು. ಮರಾಠಿ ಮನೆಯವರು, ಅವತ್ತು ಅವರ ಉಪವಾಸ. ತಮ್ಮ ಫರಾಳವನ್ನೇ ಇವಳ ಕೈಗೆ ಕೊಟ್ಟು ಕೂತಿದ್ದರು. "ನೀವು ಬರೋತನಕ ನಾವೂ ಹೋಗಲಿಲ್ಲ ನೋಡ್ರಿ ಅಕ್ಕಾ" ಅಂದರು, ಅಷ್ಟೇ.

ಈ ಊರಿಗೆ ಮಿಷನ್ ಶಾಲೆ ಹೊಸದಲ್ಲ. ಲಂಡನ್ ಮಿಷನ್‌ನವರು ಬಂದದ್ದು 1820ರಲ್ಲಿ, ಸೇಂಟ್ ಪಾಲ್ಸ್ ಶಾಲೆ ಶುರುವಾದದ್ದು 1856ರಲ್ಲಿ. ನಾವು ಮಗಳನ್ನು ಇಂಥದೊಂದು ಶಾಲೆಗೆ ಹಾಕಿದ್ದು ಮಾತ್ರ ಇಂಗ್ಲಿಷ್ ಆಸೆಗೆ, ಸುಳ್ಳೇಕೆ ಹೇಳಲಿ. ಆಗ ನಮ್ಮತ್ತೆ "ಅಲ್ಲಿ ಯೇಸು ಪ್ರಾರ್ಥನೆ ಮಾಡಿಸ್ತಾರಲ್ವಾ" ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದರು. ಈಗ ಡಿಸೆಂಬರ್ ಬಂದರೆ ಮೊಮ್ಮಗಳ ಕ್ಲಾಸಿನ ಗೋದಲಿಗೆ ಒಣಹುಲ್ಲು ಹುಡುಕಿ ತರುವವರು ಅವರೇ. ದೀಪಾವಳಿಗೆ ಸಿಸ್ಟರ್‌ಗೆ ಕರ್ಚಿಕಾಯಿ ಕಟ್ಟಿಕೊಡುವವರೂ ಅವರೇ. ಸಿಸ್ಟರ್ ಮಂಗಳೂರು ಕಡೆಯವರು, ನಮ್ಮ ಖಾರಕ್ಕೆ ಇನ್ನೂ ಕಣ್ಣೀರು ಹಾಕುತ್ತಾರೆ. ಕರ್ಚಿಕಾಯಿ ಮಾತ್ರ ಎರಡು ಜಾಸ್ತಿನೇ ತಿನ್ನುತ್ತಾರೆ!

ಆ ಡಬ್ಬಿ ಈಗ ನಮ್ಮನೆ ಕಟ್ಟೆ ಮೇಲೆ ತೊಳೆದಿಟ್ಟಿದೆ. ಖಾಲಿ ವಾಪಸ್ ಕೊಡೋಕಾಗುತ್ತಾ? ನಾಳೆ ಬೆಳಿಗ್ಗೆ ಶೇಂಗಾ ಹೋಳಿಗೆ. ಮನೆಯಲ್ಲಿ ಬೆಲ್ಲ ಬೇರೆ ಮುಗಿದಿದೆ, ಈ ಮಳೆಯಲ್ಲಿ ಯಾರು ಹೋಗ್ತೀರಿ ಅಂತ ಎಲ್ಲರ ಮುಖ ನೋಡುತ್ತಿದ್ದೇನೆ.